ಸನ್ಮಾನ ಪತ್ರ ಬರೆಯುತ್ತಿದ್ದವಳು

ಗುಬ್ಬಿಯಲ್ಲಿ ನನ್ನ ರೂಮಿನ ಬಾಗಿಲನ್ನು ಯಾರಾದರೂ ತಟ್ಟಿದರೆಂದರೆ ಊರಿನಲ್ಲಿ ಯಾರಿಗೋ ವರ್ಗವಾಗಿದೆ, ಇಲ್ಲವೇ ಯಾರೋ ನಿವೃತ್ತರಾಗುತ್ತಿದ್ದಾರೆ ಎಂದು ಅರ್ಥ. ಬೇರೆ ಕಾರಣಕ್ಕೆ ಯಾರೂ ಬರುತ್ತಿರಲಿಲ್ಲ. ಬಂದವರು ಹೊಸ್ತಿಲಾಚೆಯೇ ನಿಂತು, “ಮೇಡಂ, ಬರೋ ಭಾನುವಾರ ಫಂಕ್ಷನ್ನು. ಒಂದು ಸನ್ಮಾನ ಪತ್ರ ಆಗ್ಬೇಕಿತ್ತು” ಎನ್ನುತ್ತಿದ್ದರು. ನಾನು ಒಳಗೆ ಕರೆದರೆ ಬೇಡ ಎಂದು ಅಲ್ಲಿಂದಲೇ ಹೊರಟುಬಿಡುತ್ತಿದ್ದರು. ಒಂಟಿ ಹೆಂಗಸಿನ ರೂಮು. ಎಪ್ಪತ್ತರ ದಶಕದ ಕೊನೆ. ಅವರದೂ ತಪ್ಪಿಲ್ಲ.

ನಾನು ಅಲ್ಲಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಕನ್ನಡದ ಟೀಚರ್ ಆಗಿದ್ದೆ. ಕೊಬ್ಬರಿ ವ್ಯಾಪಾರದವರ ಮನೆಯ ಹಿಂಭಾಗದಲ್ಲಿ ಒಂದು ರೂಮು. ಕಿಟಕಿ ತೆಗೆದರೆ ಅಂಗಳದ ತುಂಬ ಒಣಹಾಕಿದ ಕೊಬ್ಬರಿ, ಅದನ್ನು ಕಾಗೆಗಳಿಂದ ಕಾಯುವ ಒಂದು ಮುದಿ ನಾಯಿ. ಸ್ಕೂಲು ಮುಗಿಸಿ ಬಂದಮೇಲೆ ಮಾರನೆಯ ಬೆಳಿಗ್ಗೆ ಪ್ರೇಯರ್ ಹೊತ್ತಿನವರೆಗೆ ನಾನು ಒಂದೇ ಒಂದು ಮಾತನ್ನೂ ಆಡದೆ ಕಳೆದ ದಿನಗಳು ಎಷ್ಟೋ. ಪ್ರೇಯರ್ ಮುಗಿದು ಕ್ಲಾಸಿನಲ್ಲಿ ಮೊದಲ ಮಾತಿಗೆ ಬಾಯಿ ತೆಗೆದರೆ ಗಂಟಲು ಕಟ್ಟಿಕೊಂಡಿರುತ್ತಿತ್ತು.

ಈ ಸನ್ಮಾನ ಪತ್ರದ ಹುಚ್ಚು ಹತ್ತಿದ್ದು ಅದಕ್ಕೂ ಹಿಂದೆ, ಕುಣಿಗಲ್‌ನಲ್ಲಿ. ನನ್ನ ತಂದೆ ಅಲ್ಲಿ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ನನಗೆ ಆರು ವರ್ಷವಾಗಿದ್ದಾಗ ಅಮ್ಮ ತೀರಿಕೊಂಡಳು. ತಂದೆ ಮತ್ತೆ ಮದುವೆಯಾಗಲಿಲ್ಲ. ಮಾತನ್ನೂ ಹೆಚ್ಚು ಆಡಲಿಲ್ಲ. “ಊಟ ಆಯ್ತಾ”, “ದೀಪ ಹಚ್ಚಿದ್ಯಾ”, “ಬಾಗ್ಲು ಹಾಕ್ಕೋ” — ನಮ್ಮ ಮನೆಯಲ್ಲಿ ದಿನಕ್ಕೆ ಇಷ್ಟು ಮಾತಿದ್ದರೆ ಹೆಚ್ಚು. ಹಾಗಾಗಿ ಭಾಷೆ ಎನ್ನುವುದನ್ನು ನಾನು ಮನೆಯಲ್ಲಿ ಕಲಿಯಲಿಲ್ಲ. ಮೈಕಿನಲ್ಲಿ ಕಲಿತೆ. ಕೆರೆ ಏರಿಯ ಮೇಲೆ ನಿಂತರೆ ಊರಿನ ಯಾವ ಸಭೆಯ ಭಾಷಣವಾದರೂ ಕೇಳಿಸುತ್ತಿತ್ತು. ಅಲ್ಲಿ ಎಲ್ಲರೂ ಎಲ್ಲರನ್ನೂ ಹೊಗಳುತ್ತಿದ್ದರು. ಅಷ್ಟು ಧಾರಾಳವಾಗಿ ಮಾತು ಸುರಿಯುವುದನ್ನು ಕೇಳಿ ನನಗೆ ಮೈ ಜುಮ್ಮೆನ್ನುತ್ತಿತ್ತು.

ಹತ್ತನೆಯ ತರಗತಿಯಲ್ಲಿ ನಮ್ಮ ಹೆಡ್ಮಾಸ್ಟರಿಗೆ ವರ್ಗವಾದಾಗ ಬೀಳ್ಕೊಡುಗೆಯ ಪತ್ರವನ್ನು ನಾನು ಬರೆದೆ. “ವಿದ್ಯಾದಾನದ ಕಲ್ಪವೃಕ್ಷವೇ” ಎಂದು ಶುರುಮಾಡಿದ್ದೆ. ಅದನ್ನು ಓದುವಾಗ ಹೆಡ್ಮಾಸ್ಟರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಅವತ್ತು ನಾನು ನಿರ್ಧಾರ ಮಾಡಿಬಿಟ್ಟೆ, ನಾನು ಬರಹಗಾರ್ತಿಯೆಂದು.

ತುಮಕೂರಿನ ಕಾಲೇಜು, ಹಾಸ್ಟೆಲು, ಆಮೇಲೆ ಗುಬ್ಬಿಯ ಕೆಲಸ. ಎಲ್ಲ ಕಡೆಯೂ ನನಗಿಂತ ಮುಂಚೆ ನನ್ನ ಸನ್ಮಾನ ಪತ್ರದ ಖ್ಯಾತಿ ಹೋಗಿರುತ್ತಿತ್ತು. ಒಂದು ನೋಟ್‌ಬುಕ್ಕಿನಲ್ಲಿ ಪದಗಳನ್ನು ಕೂಡಿಸಿಟ್ಟಿದ್ದೆ. ಆಫೀಸರಾದರೆ ‘ದಕ್ಷ ಆಡಳಿತದ ಹರಿಕಾರರೇ’, ಮೇಷ್ಟ್ರಾದರೆ ‘ಜ್ಞಾನದೀವಿಗೆಯೇ’, ಡಾಕ್ಟರಾದರೆ ‘ಧನ್ವಂತರಿಯೇ’, ಯಾರ ಬಗ್ಗೆ ನನಗೆ ಏನೂ ಗೊತ್ತಿಲ್ಲವೋ ಅವರಿಗೆ ‘ಅಜಾತಶತ್ರುವೇ’. ಬರೆದದ್ದನ್ನು ಶನಿವಾರ ಮಧ್ಯಾಹ್ನ ತುಮಕೂರಿಗೆ ತೆಗೆದುಕೊಂಡು ಹೋಗಿ ಪ್ರೆಸ್ಸಿಗೆ ಕೊಡುತ್ತಿದ್ದೆ. ಪ್ರೂಫ್ ನೋಡಿ, ಗಾಜಿನ ಕಟ್ಟು ಹಾಕಿಸಿ, ಸಂಜೆಯ ರೈಲಿಗೆ ವಾಪಸ್. ಮಡಿಲಲ್ಲಿ ಆ ಫ್ರೇಮ್ ಇಟ್ಟುಕೊಂಡು ಕಿಟಕಿ ಪಕ್ಕ ಕೂತಿರುತ್ತಿದ್ದ ಆ ಅರ್ಧ ಮುಕ್ಕಾಲು ಗಂಟೆ ಆ ದಿನಗಳ ನನ್ನ ಸುಖ.

ಸಭೆಯಲ್ಲಿ ಅದನ್ನು ಓದುತ್ತಿದ್ದುದು ನಾನಲ್ಲ. ಕಂಠ ಚೆನ್ನಾಗಿದ್ದ ಒಬ್ಬ ಗಂಡಸು ಮೇಷ್ಟ್ರು ಓದುತ್ತಿದ್ದರು. ನಾನು ಹಿಂದಿನ ಸಾಲಿನಲ್ಲಿ ಹೆಂಗಸರ ಕುರ್ಚಿಯಲ್ಲಿ ಕೂತು ನನ್ನ ಮಾತು ಅವರ ಬಾಯಲ್ಲಿ ಬರುವುದನ್ನು ಕೇಳುತ್ತಿದ್ದೆ. ಕೆಳಗೆ ‘ಇಂತಿ ತಮ್ಮ ಅಭಿಮಾನಿಗಳು’ ಎಂದಿರುತ್ತಿತ್ತು. ನನ್ನ ಹೆಸರು ಎಲ್ಲೂ ಇಲ್ಲ. ಚಪ್ಪಾಳೆ ಬಿದ್ದಾಗ ನಾನು ನನ್ನ ಕೈಗಳನ್ನು ನೋಡಿಕೊಳ್ಳುತ್ತಿದ್ದೆ. ಅದರ ಜೊತೆಗೆ ಕತೆಗಳನ್ನೂ ಬರೆದು ಬೆಂಗಳೂರಿನ ಒಂದು ವಾರಪತ್ರಿಕೆಗೆ ಕಳಿಸುತ್ತಿದ್ದೆ. ಅಚ್ಚು ಹಾಕಿದ ಒಂದೇ ಚೀಟಿ ಪ್ರತಿಸಲವೂ ಲಗತ್ತಾಗಿ ಅವು ಹಿಂದಕ್ಕೆ ಬರುತ್ತಿದ್ದವು.

ನಮ್ಮ ಸ್ಕೂಲಿನ ಆಯಾಗೆ ನಿವೃತ್ತಿ ಬಂದದ್ದು ಎಂಬತ್ತರ ದಶಕದ ಆರಂಭದಲ್ಲಿ, ಒಂದು ಮಾಗಿಯ ಕೊನೆಗೆ. ಎಲ್ಲರೂ ಆಕೆಯನ್ನು ಆಯಮ್ಮ ಎನ್ನುತ್ತಿದ್ದರು. ಬೆಲ್ ಹೊಡೆಯುವುದು, ನೀರು ಸೇದುವುದು, ಗುಡಿಸುವುದು, ಸ್ಟಾಫ್ ರೂಮಿಗೆ ಟೀ ತರುವುದು ಎಲ್ಲ ಆಕೆಯೇ. ಹುಟ್ಟಿದ ದಿನ ಆಕೆಗೇ ಗೊತ್ತಿರಲಿಲ್ಲ. ಕೆಲಸಕ್ಕೆ ಸೇರಿದಾಗ ಆಫೀಸಿನವರು ಅಂದಾಜಿನಲ್ಲಿ ಬರೆದುಕೊಂಡ ತಾರೀಖಿನ ಪ್ರಕಾರ ಆಕೆಗೆ ನಿವೃತ್ತಿಯ ವಯಸ್ಸಾಗಿತ್ತು.

ಹೆಡ್ಮಿಸ್ಟ್ರೆಸ್ ನನ್ನನ್ನು ಕರೆದು, “ಆಯಮ್ಮನಿಗೂ ಒಂದು ಸನ್ಮಾನ ಪತ್ರ ಕೊಟ್ಬಿಡೋಣ. ದೊಡ್ಡದೇನೂ ಬೇಡ ಕಣ್ರೀ, ಒಂದು ಪೇಜು ಇರ್ಲಿ” ಎಂದರು.

ಅರ್ಧ ಗಂಟೆಯಲ್ಲಿ ಬರೆದೆ. ಬರೆದೆ ಎನ್ನುವುದೂ ತಪ್ಪು. ಹಿಂದಿನ ವರ್ಷ ಗಂಡುಮಕ್ಕಳ ಸ್ಕೂಲಿನ ಹೆಡ್ಮಾಸ್ಟರಿಗೆ ಬರೆದದ್ದನ್ನು ಮುಂದಿಟ್ಟುಕೊಂಡು ಅಲ್ಲಿ ಇಲ್ಲಿ ತಿದ್ದಿದೆ.

ಸಮಾರಂಭದ ದಿನ ಆಯಮ್ಮನನ್ನು ವೇದಿಕೆಯ ಮೇಲೆ ಕುರ್ಚಿಯಲ್ಲಿ ಕೂರಿಸಿದರು. ಆಕೆ ತುದಿಯಲ್ಲಿ ಕೂತಳು. ಪತ್ರ ಓದುತ್ತಿರುವಾಗ ಅತಿಥಿಗಳು ಕೆಮ್ಮಿದರು. ಆಯಮ್ಮ ತಟಕ್ಕನೆ ಎದ್ದು ಹೋಗಿ ಒಂದು ಲೋಟ ನೀರು ತಂದುಕೊಟ್ಟು ಮತ್ತೆ ಬಂದು ಕೂತಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಎಂಟು ದಿನದ ಮೇಲೆ ಒಂದು ಭಾನುವಾರ ಬೆಳಿಗ್ಗೆ ನನ್ನ ಬಾಗಿಲು ತಟ್ಟಿದ ಸದ್ದಾಯಿತು. ನೋಡಿದರೆ ಆಯಮ್ಮ. ಕಂಕುಳಲ್ಲಿ ಟವೆಲ್ ಸುತ್ತಿದ ಫ್ರೇಮು. ಅದುವರೆಗೆ ಬಂದವರೆಲ್ಲ ಹೊರಗೇ ನಿಂತಿದ್ದರಲ್ಲ, ಈಕೆ ನೇರ ಒಳಗೆ ಬಂದು ನೆಲದ ಮೇಲೆ ಕೂತುಬಿಟ್ಟಳು.

“ಟೀಚರಮ್ಮ, ನಂಗೆ ಓದಾಕೆ ಬರಾಕಿಲ್ಲ. ಇದ್ರಾಗೆ ನಾನೆಲ್ಲಿದೀನಿ ಅಂತ ಒಸಿ ತೋರಿಸ್ತೀರಾ?”

ನಾನು ಆಕೆಯ ಹೆಸರಿದ್ದ ಸಾಲಿನ ಮೇಲೆ ಬೆರಳಿಟ್ಟೆ. ಆಕೆ ಗಾಜಿನ ಮೇಲಿನಿಂದಲೇ ಅದನ್ನು ಮುಟ್ಟಿ ನೋಡಿದಳು. “ಇದು ಹೆಸ್ರು. ಮಿಕ್ಕಿದ್ದು?”

ಓದಿದೆ. ‘ಕರ್ತವ್ಯನಿಷ್ಠೆಯ ಸಾಕಾರಮೂರ್ತಿಯೇ’ ಎಂದರೆ ಕೆಲಸವನ್ನು ಶ್ರದ್ಧೆಯಿಂದ ಮಾಡಿದವಳು ಎಂದು ಬಿಡಿಸಿ ಹೇಳಿದೆ. ‘ಶಿಸ್ತಿನ ಸಿಪಾಯಿಯೇ’ ಎಂದರೆ ಹೀಗೆ, ‘ಸಂಸ್ಥೆಯ ಆಧಾರಸ್ತಂಭವೇ’ ಎಂದರೆ ಹಾಗೆ. ಆಕೆ ತಲೆ ಆಡಿಸುತ್ತಾ ಕೇಳಿದಳು. ಕೊನೆಗೆ, ಸ್ವಲ್ಪವೂ ಕೊಂಕಿಲ್ಲದೆ ಹೇಳಿದಳು:

“ಇದು ಆ ಹೆಡ್ಮೇಷ್ಟ್ರಿಗೂ ಓದಿದ್ರಲ್ಲ ಹೋದ್ವರ್ಷ. ನಾನೇ ಟೀ ಕೊಡ್ತಾ ನಿಂತಿದ್ದೆ. ಕಂಬದ ಮಾತು ಬಂದಾಗ ಎಲ್ರೂ ಚಪ್ಪಾಳೆ ತಟ್ಟಿದ್ರು.”

ನಾನು ಫ್ರೇಮನ್ನು ಮತ್ತೆ ಟವೆಲಿನಲ್ಲಿ ಸುತ್ತಲು ಹೋದೆ. ಆಕೆ ಎದ್ದಳು. “ಇದು ನಿಮ್ಮತ್ರನೇ ಇರ್ಲಿ ಬುಡಿ. ನಾನಿನ್ನು ಕೋರಕ್ಕೆ ನನ್ನ ತಂಗಿ ಮನೆಗೆ ಹೊಂಟೋಯ್ತೀನಿ. ಅಲ್ಲಿ ಮಣ್ಣಿನ ಗೋಡೆ. ಮೊಳೆ ನಿಲ್ಲಾಕಿಲ್ಲ.”

ಆಕೆ ಹೋದಮೇಲೆ ನಾನು ನನ್ನ ನೋಟ್‌ಬುಕ್ ತೆಗೆದು ಮೊದಲಿನಿಂದ ಓದಿದೆ. ಎಷ್ಟು ಜನರನ್ನು ಬೀಳ್ಕೊಟ್ಟಿದ್ದೆ. ಅವರಲ್ಲಿ ಒಬ್ಬರ ಮುಖವೂ ಆ ಮಾತುಗಳಿಂದ ನೆನಪಿಗೆ ಬರಲಿಲ್ಲ. ನಾಚಿಕೆಗಿಂತ ಹೆಚ್ಚಾಗಿ ಭಯವಾಯಿತು. ನನಗೆ ಇರುವುದು ಇದೊಂದೇ. ಇದೂ ಇಲ್ಲ ಎಂದರೆ ನಾನು ಆ ರೂಮಿನಲ್ಲಿ ಏನು ಮಾಡಿಕೊಂಡಿದ್ದೇನೆ?

ಮೂರು ವಾರ ತಡೆದು, ಆಕೆ ಮರೆತುಹೋದ ಟವೆಲನ್ನು ಹಿಂದಿರುಗಿಸುವ ನೆಪ ಮಾಡಿಕೊಂಡು ಕೋರಕ್ಕೆ ಹೋದೆ. ತುಮಕೂರಿಗೆ ಒಂದು ಬಸ್ಸು, ಅಲ್ಲಿಂದ ಶಿರಾ ರಸ್ತೆಯಲ್ಲಿ ಇನ್ನೊಂದು. ಆಯಮ್ಮ ತಂಗಿಯ ಮನೆಯ ಜಗಲಿಯಲ್ಲಿ ಹುಣಸೆಹಣ್ಣಿನ ರಾಶಿಯ ಮುಂದೆ ಕೂತಿದ್ದಳು. ನಾನು ಬ್ಯಾಗಿನಿಂದ ಪೆನ್ನು, ಹಾಳೆ ತೆಗೆದು, “ಆಯಮ್ಮ, ನಿಮ್ಮ ವಿಷಯ ಸರಿಯಾಗಿ ಬರೀಬೇಕು ಅಂತಿದೀನಿ. ಸ್ಕೂಲಲ್ಲಿ ನಿಮ್ಮ ಅನುಭವ ಹೇಳಿ” ಎಂದೆ.

“ಏನ್ ಹೇಳ್ಳಿ? ಬೆಲ್ ಹೊಡ್ದೆ, ನೀರು ಸೇದ್ದೆ.”

ಮತ್ತೆ ಕೇಳಿದೆ. ಅದನ್ನೇ ಹೇಳಿದಳು. ಮೂರನೆಯ ಸಲಕ್ಕೆ, “ನೀವು ಹಂಗೆ ಕೇಳಿದ್ರೆ ಏನೂ ಬರಾಕಿಲ್ಲ ಕಣಮ್ಮ. ಆ ಕೊಡ್ತಿ ತಕ್ಕಳಿ, ಬೀಜ ಬಿಡ್ಸಿ” ಎಂದು ಹಣ್ಣು ಕುಟ್ಟುವ ಮರದ ಪುಟ್ಟ ಕೊಡತಿಯೊಂದನ್ನು ನನ್ನ ಕಡೆ ತಳ್ಳಿದಳು.

ಆ ಬೇಸಿಗೆಯ ಭಾನುವಾರಗಳೆಲ್ಲ ನಾನು ಕೋರದಲ್ಲಿ ಹುಣಸೆಹಣ್ಣು ಕುಟ್ಟಿದೆ. ಬೆರಳ ಸಂದಿಗಳು ಹುಳಿಗೆ ಉರಿಯುತ್ತಿದ್ದವು. ಕೈ ಕೆಲಸ ಮಾಡುತ್ತಿದ್ದಾಗ ಮಾತು ತಾನಾಗಿ ಬಂತು; ಹಿಂದುಮುಂದಿಲ್ಲದೆ, ನಡುನಡುವೆ ಕೋಳಿಯನ್ನು ಓಡಿಸುತ್ತಾ. ಕ್ಲಾಸಿನಲ್ಲಿ ಕೂತಿದ್ದಾಗ ಮೊದಲ ಸಲ ಮುಟ್ಟಾಗಿ, ಏನಾಯಿತೆಂದು ತಿಳಿಯದೆ ಅಳುವ ಹುಡುಗಿಯರನ್ನು ಆಕೆ ಹಿಂದಿನ ಕೋಣೆಗೆ ಕರೆದೊಯ್ಯುತ್ತಿದ್ದಳಂತೆ. ಅಲ್ಲಿ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಒಗೆದು ಒಣಗಿಸಿದ ಹಳೆ ಬಟ್ಟೆ ಇಟ್ಟಿರುತ್ತಿದ್ದಳು. ಆಮೇಲೆ ಮನೆಯವರೆಗೆ ಜೊತೆಗೆ ನಡೆದು ತಾಯಿಗೆ ಒಪ್ಪಿಸಿ ಬರುತ್ತಿದ್ದಳು. ನಾನು ಅದೇ ಸ್ಕೂಲಿನಲ್ಲಿದ್ದೆ. ನನಗೆ ಆ ಡಬ್ಬಿಯ ವಿಷಯವೇ ಗೊತ್ತಿರಲಿಲ್ಲ.

ಇನ್ನೊಂದು ದಿನ ಬೆಲ್ಲಿನ ಮಾತು ಬಂತು. ಯಾವುದಾದರೂ ಕ್ಲಾಸಿನ ಹೊರಗೆ ಹುಡುಗಿಯೊಬ್ಬಳನ್ನು ನಿಲ್ಲಿಸಿದ್ದರೆ ಆಕೆ ಬೆಲ್ಲನ್ನು ಸ್ವಲ್ಪ ಮುಂಚೆ ಹೊಡೆದುಬಿಡುತ್ತಿದ್ದಳಂತೆ. “ಬಿಸ್ಲಲ್ಲಿ ನಿಂತಿರ್ತಾವೆ. ನೋಡಾಕಾಗ್ತಿರ್ಲಿಲ್ಲ. ಗಡಿಯಾರ ಇದ್ದಿದ್ದು ಹೆಡ್ಮೇಡಂ ರೂಮಲ್ಲಿ ಒಂದೇ. ಯಾರು ನೋಡಿದ್ರು?”

ಮದುವೆ ಗೊತ್ತಾಗಿ ಸ್ಕೂಲು ಬಿಡುತ್ತಿದ್ದ ಒಬ್ಬ ಹುಡುಗಿ ಕೊನೆಯ ದಿನ ಬಂದು, ಒಂದೇ ಸಲ ತಾನೇ ಬೆಲ್ ಹೊಡೆಯುತ್ತೇನೆ ಎಂದು ಕೇಳಿದ್ದಳಂತೆ. ಆಯಮ್ಮ ಕೊಟ್ಟಳು. ಅವಳು ಮೂರನೆಯ ಪೀರಿಯಡ್ಡಿನ ಬೆಲ್ ಹೊಡೆದು, ಚೀಲ ತೆಗೆದುಕೊಂಡು ಮನೆಗೆ ಹೋದಳು. ಅದನ್ನು ಹೇಳಿ ಆಯಮ್ಮ ಇನ್ನೊಂದಿಷ್ಟು ಹಣ್ಣನ್ನು ಮುಂದಕ್ಕೆ ಎಳೆದುಕೊಂಡಳು.

ಆಮೇಲೆ ಒಮ್ಮೆಲೇ, ತಲೆ ಎತ್ತದೆ ಅಂದಳು: “ನೀವು ಮಧ್ಯಾಹ್ನ ಸ್ಟಾಫ್ ರೂಮಲ್ಲಿ ಉಣ್ತಿರ್ಲಿಲ್ಲ. ಪುಸ್ತಕದ ಬೀರು ಹಿಂದೆ ಕೂತ್ಕಂಡು ಉಣ್ತಿದ್ರಿ. ನೀವು ಉಂಡು ಏಳೋಗಂಟ ನಾನು ಆ ಕಡೆ ಗುಡ್ಸಾಕೆ ಬರ್ತಿರ್ಲಿಲ್ಲ.”

ಐದು ವರ್ಷ ನಾನು ಅಲ್ಲಿ ಕೂತು ಊಟ ಮಾಡಿದ್ದೆ. ಸ್ಟಾಫ್ ರೂಮಿನಲ್ಲಿ ಎಲ್ಲರದೂ ಗಂಡ, ಅತ್ತೆ, ಮಕ್ಕಳ ಮಾತು. ನನ್ನಲ್ಲಿ ಹೇಳಲು ಏನೂ ಇರಲಿಲ್ಲ. ಅದು ಯಾರ ಕಣ್ಣಿಗೂ ಬಿದ್ದಿಲ್ಲ ಎಂದುಕೊಂಡಿದ್ದೆ. ನಾನು ಕೊಡತಿ ಕೆಳಗಿಟ್ಟು ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ಮೇ ತಿಂಗಳಲ್ಲಿ ಕುಣಿಗಲ್‌ಗೆ ಹೋಗಿ ಬರೆಯಲು ಕೂತೆ. ಹದಿನಾಲ್ಕು ಪುಟ ಬಂತು. ತಂದೆ ಆಗ ನಿವೃತ್ತರಾಗಿ ಮನೆಯಲ್ಲೇ ಇದ್ದರು. ಯಾವತ್ತೂ ಕೇಳದವರು ಅವತ್ತು, “ಏನಮ್ಮ ಅಷ್ಟೊಂದು ಬರೀತಿದೀಯಾ” ಎಂದರು. ಕೊಟ್ಟೆ. ಕೊಟ್ಟು ಅಡುಗೆಮನೆಗೆ ಹೋಗಿ ಅಕ್ಕಿ ಆರಿಸುತ್ತಾ ನಿಂತೆ. ಬಹಳ ಹೊತ್ತಿನ ಮೇಲೆ ಕರೆದರು.

“ಇಲ್ಲಿ ‘ಮಮತಾಮಯಿ’ ಅಂತ ಬರ್ದಿದೀಯ. ಅಂದ್ರೆ ಏನು ಮಾಡಿದ್ಲು?”

“ಹುಡುಗೀರಿಗೆ ಬಟ್ಟೆ ಕೊಡ್ತಿದ್ಲು. ಮನೇಗಂಟ ಹೋಗಿ ಬಿಟ್ಟು ಬರ್ತಿದ್ಲು.”

“ಅದು ಕೆಳಗೆ ಇದೆ. ಹಂಗಾದ್ರೆ ಇದು ಯಾಕೆ?” ಎಂದು ಹಾಳೆ ತಿರುವಿದರು. “ನಾನು ಹೊಸದಾಗಿ ಸೇರ್ದಾಗ ಮಹಜರ್ ಬರೆಯೋಕೆ ಕಳ್ಸೋರು. ಒಂದ್ಸಲ ಗಡಿ ತಕರಾರಿಗೆ ಹೋಗಿ, ‘ಭವ್ಯವಾದ ಆಲದ ಮರವಿದೆ’ ಅಂತ ಬರ್ಕೊಂಡು ಬಂದೆ. ಸಾಹೇಬ್ರು ಕೆಂಪು ಇಂಕಲ್ಲಿ ಹೊಡ್ದು ಹಾಕಿದ್ರು. ಮರ ಇದ್ರೆ ಮರ ಅಂತ ಬರಿ, ಕಲ್ಲಿಂದ ಎಷ್ಟು ಹೆಜ್ಜೆ ಅಂತ ಬರಿ, ಭವ್ಯ ಅಂದ್ರೆ ಕೋರ್ಟಲ್ಲಿ ನಿಲ್ಲಲ್ಲ ಅಂದ್ರು.” ಹಾಳೆಗಳನ್ನು ಜೋಡಿಸಿ ನನ್ನ ಕೈಗಿತ್ತರು. “ಮೊನ್ನೆ ಬೆರಳು ಯಾಕೆ ಹಿಂಗಾಗಿದೆ ಅಂದಾಗ ಹೇಳಿದ್ಯಲ್ಲ, ನೀನು ಅವಳ ಜೊತೆ ಕೂತು ಹುಣಸೆಹಣ್ಣು ಕುಟ್ಟಿದ್ದು, ಅದು ಇದ್ರಲ್ಲಿ ಇಲ್ವಲ್ಲ. ಅದನ್ನೂ ಬರಿ. ನೋಡ್ದೋರು ಯಾರು ಅಂತ ಗೊತ್ತಾಗ್ಬೇಕು.”

ನನ್ನ ತಂದೆ ನನ್ನೊಡನೆ ಒಂದೇ ಉಸಿರಿನಲ್ಲಿ ಅಷ್ಟು ಮಾತಾಡಿದ್ದು ಅದೇ ಮೊದಲು. ಅವರ ಬಳಿ ಇಷ್ಟೆಲ್ಲ ಇತ್ತು ಎಂಬುದು ನನಗೆ ಅದುವರೆಗೆ ತಿಳಿದಿರಲಿಲ್ಲ. ನಾನೂ ಕೇಳಿರಲಿಲ್ಲ.

ರಜೆ ಮುಗಿಯುವವರೆಗೆ ಹೊಡೆದು ಹಾಕುತ್ತಾ ಹೋದೆ. ಹದಿನಾಲ್ಕು ಪುಟ ಐದಾಯಿತು. ಕೊನೆಯ ಪ್ರತಿಯನ್ನು ಅಡುಗೆಮನೆಯಲ್ಲಿ ನಿಂತು ಮೆಲ್ಲಗೆ, ನನಗಷ್ಟೇ ಕೇಳುವಂತೆ ಓದಿಕೊಂಡೆ. ಮೈಕಿನ ಸದ್ದು ಅದರಲ್ಲಿರಲಿಲ್ಲ. ಯಾರೊಂದಿಗೂ ಮಾತಾಡದ ಸಂಜೆಗಳಲ್ಲಿ ನಾನು ನನ್ನೊಳಗೇ ಆಡಿಕೊಳ್ಳುತ್ತಿದ್ದ ಮಾತಿನ ಹಾಗಿತ್ತು: ಚಿಕ್ಕ ಚಿಕ್ಕ ವಾಕ್ಯ, ಸ್ವಲ್ಪ ಒಣಕಲು. ಇಷ್ಟು ಸಣ್ಣ ದನಿಯೇ ನನ್ನದು ಎಂದು ಒಂದು ಕ್ಷಣ ಬೇಜಾರೂ ಆಯಿತು.

ಮಳೆಗಾಲ ಮುಗಿಯುವ ಹೊತ್ತಿಗೆ ಅದೇ ವಾರಪತ್ರಿಕೆಯಲ್ಲಿ ಅದು ಅಚ್ಚಾಯಿತು. ಕೆಳಗೆ ನನ್ನ ಹೆಸರು. ಆಯಮ್ಮನ ಹೆಸರು ಹಾಕಿರಲಿಲ್ಲ, ಊರಿನ ಹೆಸರೂ ಇರಲಿಲ್ಲ. ಪತ್ರಿಕೆ ತೆಗೆದುಕೊಂಡು ಕೋರಕ್ಕೆ ಓಡಿದೆ. ಜಗಲಿಯಲ್ಲಿ ಕೂತು ಪೂರ್ತಿ ಓದಿ ಹೇಳಿದೆ. ಆಕೆ ಮೊದಲ ಸಾಲುಗಳಿಗೆ ನಕ್ಕಳು. ಬಿಸ್ಕತ್ತಿನ ಡಬ್ಬಿಯ ಮಾತು ಬಂದಾಗ ನಗು ನಿಂತಿತು. ಬೆಲ್ಲಿನದು ಬಂದಾಗ ಸೆರಗನ್ನು ಬಾಯಿಗೆ ಒತ್ತಿಕೊಂಡು ರಸ್ತೆ ಕಡೆ ನೋಡಿದಳು.

“ಇದು ಎಲ್ರೂ ಓದ್ತಾರಾ?”

“ಓದ್ತಾರೆ ಆಯಮ್ಮ. ಹೆಸರು ಹಾಕಿಲ್ಲ.”

“ಹೆಸ್ರು ಹಾಕ್ದಿದ್ರೆ? ಆ ಇಸ್ಕೂಲಲ್ಲಿ ಬೆಲ್ ಹೊಡ್ದೋಳು ಇನ್ಯಾರು? ಪೆನ್ಷನ್ ನಿಲ್ಸಿದ್ರೆ?”

ನಿಲ್ಲಿಸುವುದಿಲ್ಲ ಎಂದು ಎಷ್ಟೋ ಹೇಳಿದೆ. ಆಕೆ ಕೇಳಿಸಿಕೊಳ್ಳಲಿಲ್ಲ. ಆಮೇಲೆ ನಿಧಾನವಾಗಿ ಹೇಳಿದ್ದು ನನಗೆ ಹೆಚ್ಚು ತಾಗಿತು. “ಆ ಹೆಣ್ಮಕ್ಳಿಗೆ ಯಾರಿಗೂ ಹೇಳಾಕಿಲ್ಲ ಅಂತ ಮಾತು ಕೊಟ್ಟಿದ್ದೆ. ನಿಮ್ಗೆ ಹೇಳ್ದೆ. ನೀವು ನಮ್ಮಂಗೆ ಒಬ್ರು ಅಂತ ಹೇಳ್ದೆ.”

ಬಸ್ ನಿಲ್ದಾಣದವರೆಗೆ ಪ್ರತಿಸಲ ಜೊತೆಗೆ ಬರುತ್ತಿದ್ದವಳು ಅವತ್ತು ಬರಲಿಲ್ಲ.

ಪೆನ್ಷನ್ ನಿಲ್ಲಲಿಲ್ಲ. ಹೆಡ್ಮಿಸ್ಟ್ರೆಸ್ ಮಾತ್ರ ನನ್ನನ್ನು ಕರೆದು, ಬೆಲ್ಲಿನ ವಿಚಾರ ಬರೆಯಬೇಕಿತ್ತೇ ಎಂದು ಕೇಳಿದರು. ಮುಂದೆ ಯಾರೂ ನನ್ನ ಬಾಗಿಲಿಗೆ ಸನ್ಮಾನ ಪತ್ರ ಕೇಳಿಕೊಂಡು ಬರಲಿಲ್ಲ. ಬಂದಿದ್ದರೂ ನನ್ನ ಕೈಯಲ್ಲಿ ಆಗುತ್ತಿರಲಿಲ್ಲ. ‘ಅಜಾತಶತ್ರುವೇ’ ಎಂದು ಬರೆದರೆ ತಂದೆಯ ಸಾಹೇಬರ ಕೆಂಪು ಇಂಕು ಕಣ್ಣಿಗೆ ಕಟ್ಟುತ್ತಿತ್ತು. ಹಾಗಾಗಿ ಒಬ್ಬ ಓದುಗರು ಎಲ್ಲಿಂದಲೋ ಪತ್ರಿಕೆಗೆ ಮೆಚ್ಚಿ ಬರೆದ ಆ ವರ್ಷವೇ ಗುಬ್ಬಿಯಲ್ಲಿ ನಾನು ಅತ್ಯಂತ ಒಂಟಿಯಾಗಿದ್ದೆ. ಶನಿವಾರದ ರೈಲೂ ಇಲ್ಲ, ಭಾನುವಾರದ ಕೋರವೂ ಇಲ್ಲ.

ಎರಡು ತಿಂಗಳ ಮೇಲೆ ತಡೆಯಲಾರದೆ ಹೋದೆ. ತಂಗಿ, “ಹೊಲಕ್ಕೆ ಹೋಗವ್ಳೆ, ಬರೋದು ತಡ” ಎಂದಳು. ಕಾದು ವಾಪಸ್ ಬಂದೆ. ಇನ್ನೊಂದು ಸಲ ಹೋದಾಗ ಆಯಮ್ಮ ಇದ್ದಳು. ಕೂತುಕೊಳ್ಳಿ ಎಂದಳು, ಅವರೆಕಾಯಿ ಸುಲಿಯಲು ಕೊಟ್ಟಳು. ಮಳೆ, ರಾಗಿ, ತಂಗಿಯ ಮೊಣಕಾಲು ನೋವು, ಇವುಗಳ ಮಾತಾಡಿದಳು. ಸ್ಕೂಲಿನ ಸುದ್ದಿ ಎತ್ತಲಿಲ್ಲ. ನಾನೂ ಕೇಳಲಿಲ್ಲ. ವರ್ಷಕ್ಕೆ ನಾಲ್ಕಾರು ಸಲ ಹೀಗೆ ಹೋಗಿಬರುವುದು ನಡೆಯಿತು. ಹೋದಾಗ ಬ್ಯಾಗಿನಲ್ಲಿ ಪೆನ್ನು ಇರದಂತೆ ನೋಡಿಕೊಳ್ಳುತ್ತಿದ್ದೆ.

ಆಮೇಲೆ ನನಗೆ ತುಮಕೂರಿಗೆ ವರ್ಗವಾಯಿತು. ಎರಡು ಕೋಣೆಯ ಮನೆ ಹಿಡಿದೆ. ಕತೆಗಳು ಒಂದೊಂದಾಗಿ ಅಚ್ಚಾದವು. ಎಂಬತ್ತರ ದಶಕ ಮುಗಿಯುತ್ತಾ ಬಂದಾಗ ತಂದೆ ಕುಣಿಗಲ್‌ನಲ್ಲಿ ತೀರಿಕೊಂಡರು. ಬೆಳಿಗ್ಗೆ ಪೇಪರ್ ಓದುತ್ತಾ ಕೂತಿದ್ದವರು ಹಾಗೆಯೇ. ಅದೇ ವರ್ಷ ಆಯಮ್ಮನ ಕಣ್ಣಿಗೆ ಪೊರೆ ಬಂದು, ತುಮಕೂರಿನಲ್ಲಿ ಆಪರೇಷನ್ ಆಯಿತು. ಕಟ್ಟು ಬಿಚ್ಚುವವರೆಗೆ ಎಲ್ಲಿರುತ್ತೀರಿ ಎಂದು ಡಾಕ್ಟರು ಕೇಳಿದ್ದಕ್ಕೆ ಆಕೆ ತಂಗಿಯ ಮಗನ ಕಡೆ ತಿರುಗಿ ನನ್ನ ಮನೆಯ ಗುರುತು ಹೇಳಿದಳಂತೆ. ಅವನು ತಂದು ಬಿಟ್ಟುಹೋದ.

ನಾಲ್ಕು ದಿನ ಇದ್ದಳು. ಒಂದು ಕಣ್ಣಿಗೆ ಹಸಿರು ಬಟ್ಟೆ. ನಾನು ಅನ್ನ ಕಲೆಸಿ ತಟ್ಟೆ ಕೈಗಿಡುತ್ತಿದ್ದೆ. ಮೂರನೆಯ ದಿನ ಮಧ್ಯಾಹ್ನ ಆಕೆ ಮಲಗಿದ್ದಾಳೆಂದುಕೊಂಡು ನಾನು ಬರೆಯಲು ಕೂತೆ. ಹಾಳೆಯ ಮೇಲೆ ಪೆನ್ನು ಓಡುವ ಸದ್ದು ಕೇಳಿಸಿರಬೇಕು.

“ಯಾರ್ನ ಬರೀತಿದೀರಿ?” ಎಂದಳು.

ಅಷ್ಟು ವರ್ಷಗಳಲ್ಲಿ ಆಕೆ ನನ್ನ ಬರವಣಿಗೆಯ ಮಾತೆತ್ತಿದ್ದು ಅದೇ ಮೊದಲು. “ನಮ್ಮಪ್ಪನ್ನ” ಎಂದೆ.

“ಅವ್ರು ಒಪ್ಪಿದ್ರಾ?”

“ಅವರಿಲ್ವಲ್ಲ ಆಯಮ್ಮ.”

ಆಕೆ ಕಣ್ಣಿನ ಬಟ್ಟೆಯನ್ನು ಮುಟ್ಟಿ ಸರಿಮಾಡಿಕೊಂಡಳು. ಆಮೇಲೆ, “ಹಂಗಾದ್ರೆ ನೋಡ್ಕಂಡು ಬರೀರಿ. ಇದ್ದೋರಾದ್ರೆ ನನ್ನಂಗೆ ಮುನಿಸ್ಕಂತಾರೆ, ಮಾತು ಬಿಡ್ತಾರೆ, ತಿರ್ಗಾ ಬರ್ತಾರೆ. ಇಲ್ದಿದ್ದೋರು ಏನ್ ಮಾಡಾರು” ಎಂದು ಗೋಡೆ ಕಡೆ ಹೊರಳಿ ಮಲಗಿದಳು.

ನಾನು ಬರೆದದ್ದನ್ನು ಮೊದಲಿನಿಂದ ಓದಿದೆ. ಅಮ್ಮ ಸತ್ತ ದಿನ ಅವರು ಅಳಲಿಲ್ಲ ಎಂದು ಬರೆದಿದ್ದೆ. ಅವತ್ತು ನಾನು ಪಕ್ಕದ ಮನೆಯಲ್ಲಿದ್ದೆ, ನೋಡಿರಲಿಲ್ಲ. ಆ ಸಾಲನ್ನು ಹೊಡೆದು ಹಾಕಿದೆ. ಅದರ ಜಾಗದಲ್ಲಿ ಬೇರೆ ಏನನ್ನೂ ಬರೆಯಲಾಗಲಿಲ್ಲ. ಆಯಮ್ಮನ ಉಸಿರು ಸಣ್ಣಗೆ ಗೊರಕೆಯಾಗಿ ತಿರುಗಿತು. ಎದ್ದು ಹೋಗಿ ಆಕೆಯ ಕಾಲಿಗೆ ಹೊದಿಕೆ ಎಳೆದು, ಮತ್ತೆ ಬಂದು ಕೂತೆ.